ಶುಶ್ರೂಷೆಯಲ್ಲಿ ಸಹಕಾರ: ಆಸ್ಪತ್ರೆಯ ದಾದಿಯರ ತಂಡಕಾರ್ಯವನ್ನು ಕುರಿತು ಒಂದು ಅಧ್ಯಯನ

ರೋಗಿಯನ್ನು ಉಳಿಸಿದವರು ಯಾರು ಎಂದು ಕೇಳಿದರೆ ನಮ್ಮ ಜನ ವೈದ್ಯರ ಹೆಸರನ್ನು ಹೇಳುತ್ತಾರೆ. ಜೊತೆಗೆ ಮನೆದೇವರ ಹೆಸರನ್ನೂ ಸೇರಿಸುತ್ತಾರೆ. ಹಾಸಿಗೆಯ ಬಳಿ ನಿಂತು ಜ್ವರದ ಏರಿಳಿತವನ್ನು ಬರೆದವರ, ನಡುರಾತ್ರಿಯಲ್ಲಿ ಡ್ರಿಪ್ಪಿನ ಬಾಟಲಿ ಬದಲಿಸಿದವರ, ಮೈಯೊರೆಸಿ ಬಟ್ಟೆ ಉಡಿಸಿದವರ ಹೆಸರು ಮಾತ್ರ ಮನೆಗೆ ಮರಳುವ ದಿನ ಯಾರ ನಾಲಿಗೆಯ ಮೇಲೂ ಇರುವುದಿಲ್ಲ. ಇದನ್ನು ಬರಿಯ ಕೃತಘ್ನತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಆಸ್ಪತ್ರೆಯ ದಿನವು ಮೂರು ಪಾಳಿಗಳಾಗಿ ಒಡೆದಿರುತ್ತದೆ. ಮೂರು ದಿನ ಒಳರೋಗಿಯಾಗಿದ್ದವನು ಒಂಬತ್ತು ಪಾಳಿಗಳ ದಾದಿಯರ ಕೈಯಲ್ಲಿ ಹಾದು ಬಂದಿರುತ್ತಾನೆ. ಅವರಲ್ಲಿ ಯಾರ ಹೆಸರನ್ನು ಹೇಳಬೇಕು? ವೈದ್ಯರ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಬಹುದು. ದಾದಿಯರ ಕೆಲಸವು ಸ್ವಭಾವತಃ ಹಲವು ಕೈಗಳ ಕೆಲಸ.

ಆ ಹಲವು ಕೈಗಳು ಹೇಗೆ ಒಂದಾಗಿ ನಡೆಯುತ್ತವೆ, ಎಲ್ಲಿ ಬೇರ್ಪಟ್ಟು ಹೋಗುತ್ತವೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಓದಿದ ಎಷ್ಟೋ ಹೆಣ್ಣುಮಕ್ಕಳು, ಈಚಿನ ವರ್ಷಗಳಲ್ಲಿ ಗಂಡುಮಕ್ಕಳೂ, ಈ ವೃತ್ತಿಯನ್ನು ಹಿಡಿದು ಮಂಡ್ಯ, ಮೈಸೂರು, ಬೆಂಗಳೂರುಗಳ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವುದರಿಂದ ಈ ವಿಷಯವು ಸಂಚಿಕೆಯ ಓದುಗರಿಗೆ ದೂರದ್ದೆನಿಸಲಾರದು. ಜನ ಇವರನ್ನು ಹಿಂದೆ ನರ್ಸಮ್ಮ ಎನ್ನುತ್ತಿದ್ದರು, ಈಗ ಸಿಸ್ಟರ್ ಎನ್ನುತ್ತಾರೆ. ಸರ್ಕಾರದ ಕಡತಗಳಲ್ಲಿ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರು ಬಂದಿದೆ. ಈ ಲೇಖನದಲ್ಲಿ ದಾದಿ ಎಂಬ ಹಳೆಯ ಮಾತನ್ನೇ ಬಳಸಿದ್ದರೆ ಅದು ಕೇವಲ ರೂಢಿಯಿಂದ, ಅಗೌರವದಿಂದಲ್ಲ.

ತಂಡವೆಂದರೆ ಪರಸ್ಪರ ಸ್ನೇಹ, ನಗುಮುಖ, ಒಟ್ಟಿಗೆ ಊಟ ಎಂದು ಭಾವಿಸುವವರುಂಟು. ಇವೆಲ್ಲ ಇದ್ದರೆ ಸಂತೋಷವೇ. ಆದರೆ ನಮ್ಮ ಸೀಮೆಯ ಆಲೆಮನೆಯನ್ನು ಕಂಡವರಿಗೆ ತಂಡದ ನಿಜವಾದ ಲಕ್ಷಣ ಬೇರೆಯೆಂದು ಹೇಳಬೇಕಾಗಿಲ್ಲ. ಅಲ್ಲಿ ಗಾಣಕ್ಕೆ ಕಬ್ಬು ಕೊಡುವವನು ಒಬ್ಬ, ಒಲೆಗೆ ಸಿಪ್ಪೆ ತುಂಬುವವನು ಒಬ್ಬ, ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವನು ಮತ್ತೊಬ್ಬ. ಬೆಳಿಗ್ಗೆ ಇವರಿಬ್ಬರು ಜಗಳವಾಡಿಕೊಂಡಿರಬಹುದು. ಹದ ಬಂತು, ಉರಿ ತಗ್ಗಿಸು ಎಂದು ಕೊಪ್ಪರಿಗೆಯವನು ಕೂಗಿದಾಗ ಒಲೆಯ ಮುಂದಿರುವವನು ಅದನ್ನು ಕೇಳಿ, ಹೂಂ ಎಂದು, ಆ ಕ್ಷಣವೇ ಉರಿ ತಗ್ಗಿಸಿದರೆ ಬೆಲ್ಲ ಉಳಿಯಿತು. ಇಲ್ಲವಾದರೆ ಪಾಕವೆಲ್ಲ ಸೀದುಹೋಯಿತು. ಕಂಡದ್ದನ್ನು ಹೇಳುವುದು, ಹೇಳಿದ್ದು ಕೇಳಿಸಿತೆಂದು ತಿಳಿಸುವುದು, ಕೇಳಿದ್ದನ್ನು ಮಾಡುವುದು: ವಾರ್ಡಿನ ತಂಡಕಾರ್ಯದ ಸಾರವೂ ಇಷ್ಟೇ. ವ್ಯತ್ಯಾಸವೆಂದರೆ ಅಲ್ಲಿ ಸೀಯುವುದು ಬೆಲ್ಲ.

ಈ ಮಾತನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆಯ ಒಂದು ಹಳ್ಳಿಯ ಗರ್ಭಿಣಿಯನ್ನು ಕಲ್ಪಿಸಿಕೊಳ್ಳೋಣ. ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಒಂದು ಗಂಟೆಗೆ ಆಕೆಗೆ ಹೆರಿಗೆಯಾಗಿದೆ. ಮಗು ಚೆನ್ನಾಗಿದೆ, ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಅಲ್ಲಿನ ದಾದಿಯರೂ ವೈದ್ಯರೂ ಕೈಲಾದುದನ್ನು ಮಾಡಿ, ರಕ್ತನಿಧಿ, ಶಸ್ತ್ರಕ್ರಿಯೆಯ ತಜ್ಞರು ಇರುವ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಆಕೆಯನ್ನು ಕಳುಹಿಸಲು ನಿಶ್ಚಯಿಸುತ್ತಾರೆ. 108ರ ವಾಹನ ಹೊರಡುತ್ತದೆ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಎರಡು ಗಂಟೆಗಳೊಳಗೆ ಪ್ರಾಣವನ್ನು ತೆಗೆಯಬಲ್ಲುದೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ಆ ರಸ್ತೆಯ ಅರ್ಥ ತಾನಾಗಿ ತಿಳಿಯುತ್ತದೆ.

ಈ ತಾಯಿಯ ಪ್ರಾಣವು ಮೂರು ಗುಂಪುಗಳ ಕೈಯಲ್ಲಿದೆ: ಮಳವಳ್ಳಿಯವರು, ವಾಹನದಲ್ಲಿರುವವರು, ಮಂಡ್ಯದ ಹೆರಿಗೆ ವಾರ್ಡಿನವರು. ಈ ಮೂರು ಗುಂಪಿನವರು ಪರಸ್ಪರರ ಮುಖವನ್ನೇ ಕಂಡಿರಲಿಕ್ಕಿಲ್ಲ. ಆದರೂ ಇವರು ಒಂದು ತಂಡ. ಮಂಡ್ಯದಲ್ಲಿ ಬಾಗಿಲಿಗೆ ಬಂದ ದಾದಿಗೆ ಬೇಕಾದ ವಿಷಯಗಳು ಕೆಲವೇ. ಹೆರಿಗೆಯಾದ ಸಮಯವೆಷ್ಟು? ಇದುವರೆಗೆ ಹೋದ ರಕ್ತವೆಷ್ಟು? ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ಹೊತ್ತಿಗೆ ಕೊಡಲಾಯಿತು? ರಕ್ತದ ಗುಂಪು ಯಾವುದು? ಇವುಗಳಲ್ಲಿ ಮೊದಲನೆಯದನ್ನೇ ನೋಡಿ. ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧಿಯನ್ನು ಹೆರಿಗೆಯಾದ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಪ್ರಯೋಜನವುಂಟೆಂದು 20,000ಕ್ಕೂ ಹೆಚ್ಚು ತಾಯಂದಿರನ್ನೊಳಗೊಂಡ, 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ತೋರಿಸಿತು. ಹೆರಿಗೆಯ ಸಮಯವನ್ನು ಬರೆದಿಲ್ಲವಾದರೆ, ಬರೆದ ಚೀಟಿ ಗಾಬರಿಯಲ್ಲಿ ತಾಯಿಯ ಅತ್ತೆಯ ಕೈಚೀಲದಲ್ಲಿ ಉಳಿದುಹೋದರೆ, ಆ ಔಷಧಿ ಕಪಾಟಿನಲ್ಲಿದ್ದೂ ಇಲ್ಲದಂತಾಗುತ್ತದೆ. ವಾಹನ ಹೊರಡುವಾಗಲೇ ಮಳವಳ್ಳಿಯಿಂದ ಮಂಡ್ಯಕ್ಕೆ ಒಂದು ದೂರವಾಣಿ ಕರೆ ಹೋದರೆ, ತಾಯಿ ಬರುವ ಹೊತ್ತಿಗೆ ರಕ್ತವೂ ಜನರೂ ಸಿದ್ಧರಾಗಿರುತ್ತಾರೆ. ಕರೆ ಹೋಗದಿದ್ದರೆ ಎಲ್ಲವೂ ಬಾಗಿಲಿನಿಂದ ಮತ್ತೆ ಮೊದಲಾಗಬೇಕು.

ಎಷ್ಟು ರಕ್ತ ಹೋಗಿದೆ ಎಂಬ ಎರಡನೆಯ ಪ್ರಶ್ನೆಗೆ ಕರ್ನಾಟಕವೇ ಜಗತ್ತಿಗೆ ಕಲಿಸಿದ ಒಂದು ಪಾಠವಿದೆ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಗೆ ಸೇರಿದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರೊಡನೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ 1,620 ತಾಯಂದಿರಿದ್ದರು. ಔಷಧಿ ಕೊಟ್ಟವರು ದೊಡ್ಡ ವೈದ್ಯರಲ್ಲ, ಹಳ್ಳಿಯ ಸಹಾಯಕ ದಾದಿಯರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆಗಳನ್ನು ನುಂಗಿಸಿದ ತಾಯಂದಿರಲ್ಲಿ ಹೆಚ್ಚಿನ ರಕ್ತಸ್ರಾವವು ಶೇಕಡ 12ರಿಂದ ಶೇಕಡ 6.4ಕ್ಕೆ ಇಳಿಯಿತು. ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ರಕ್ತವನ್ನು ಕಣ್ಣಂದಾಜಿನಿಂದ ಹೇಳದೆ ಅಳೆದು ಹೇಳಬೇಕೆಂದು ಅವರು ಮಾಡಿದ ಏರ್ಪಾಡು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ತುದಿಯಲ್ಲಿ ಚೀಲವೊಂದಿದ್ದು, ಅದರ ಮೇಲೆ ಅಳತೆಯ ಗೆರೆಗಳಿರುತ್ತವೆ. ರಕ್ತವು ಯಾವ ಗೆರೆಯನ್ನು ಮುಟ್ಟಿದೆಯೆಂದು ಓದಿದರಾಯಿತು.

ಇಂಥ ಅಳತೆಯ ಹಾಳೆಯನ್ನೇ ಮುಂದಿಟ್ಟುಕೊಂಡು ಆಫ್ರಿಕದ ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ, ಟಾಂಜಾನಿಯ ದೇಶಗಳ 80 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನವು 2023ರಲ್ಲಿ ಹೊರಬಂದಿತು. ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರು ಅದರಲ್ಲಿ ಸೇರಿದ್ದರು. ಹಳೆಯ ಕ್ರಮದಲ್ಲಿ ಕೆಲಸ ಮಾಡಿದ ಆಸ್ಪತ್ರೆಗಳಲ್ಲಿ ಹೆಚ್ಚಿನ ರಕ್ತಸ್ರಾವವಾದವರ ಪೈಕಿ ಶೇಕಡ 51ರಷ್ಟು ಮಂದಿಯನ್ನು ಮಾತ್ರ ಸಕಾಲದಲ್ಲಿ ಗುರುತಿಸಲಾಗಿತ್ತು. ಹೊಸ ಕ್ರಮವನ್ನು ಅನುಸರಿಸಿದ ಕಡೆ ಶೇಕಡ 93 ಮಂದಿಯನ್ನು ಗುರುತಿಸಲಾಯಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಕ್ರಿಯೆ ಮತ್ತು ಅದರಿಂದಾದ ಮರಣ ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಶೇಕಡ 60ರಷ್ಟು ಇಳಿತ ಕಂಡಿತು. ಅಲ್ಲಿ ಬಳಸಿದ ಔಷಧಿಗಳೆಲ್ಲ ಮೊದಲೇ ಇದ್ದವು. ಹೊಸದಾಗಿ ಬಂದದ್ದು ಎರಡು: ಎಲ್ಲರ ಕಣ್ಣಿಗೂ ಒಂದೇ ಆಗಿ ಕಾಣುವ ಒಂದು ಗೆರೆ, ಮತ್ತು ಗೆರೆ ಮುಟ್ಟಿದೊಡನೆ ಗರ್ಭಕೋಶವನ್ನು ತಿಕ್ಕುವುದು, ಔಷಧಿಗಳು, ಡ್ರಿಪ್, ಪರೀಕ್ಷೆ ಇವುಗಳನ್ನು ಒಂದಾದಮೇಲೊಂದು ಕಾಯದೆ ಒಟ್ಟಿಗೆ ಮಾಡಬೇಕೆಂಬ ಕಟ್ಟು. ಒಬ್ಬ ದಾದಿ ಇಷ್ಟನ್ನೂ ಒಟ್ಟಿಗೆ ಮಾಡಲಾರಳು. ಸ್ವಲ್ಪ ಜಾಸ್ತಿಯೇ ಹೋಗ್ತಿದೆ ಅನ್ನಿಸುತ್ತೆ ಎಂದು ಕಿರಿಯಳು ಅಳುಕುತ್ತ ಹೇಳಿದರೆ ಹಿರಿಯಳು ಹಾಗೇನಿಲ್ಲ ಎನ್ನಬಹುದು. 500 ಮಿಲಿಲೀಟರ್ ದಾಟಿದೆ ಎಂದರೆ ಅದಕ್ಕೆ ಎದುರು ಮಾತಿಲ್ಲ. ಸಂಖ್ಯೆಯು ಕಿರಿಯಳ ಮಾತಿಗೆ ಹಿರಿಯಳ ಮಾತಿನ ತೂಕವನ್ನು ಕೊಡುತ್ತದೆ.

ಕಿರಿಯರ ಮಾತಿನ ಪ್ರಶ್ನೆ ನಮ್ಮ ಸಮಾಜದಲ್ಲಿ ಸುಲಭವಾದುದಲ್ಲ. ಹಿರಿಯರಿಗೆ ಎದುರಾಡಬಾರದೆಂದು ನಾವು ಮನೆಯಲ್ಲಿಯೂ ಶಾಲೆಯಲ್ಲಿಯೂ ಮಕ್ಕಳಿಗೆ ಕಲಿಸುತ್ತೇವೆ, ಕಲಿಸಬೇಕಾದುದೇ. ಆದರೆ ವಾರ್ಡಿನಲ್ಲಿ, ಸರ್, ಈ ರೋಗಿಗೆ ಪೆನಿಸಿಲಿನ್ ಆಗುವುದಿಲ್ಲವೆಂದು ಕೇಸ್ ಶೀಟಿನಲ್ಲಿ ಬರೆದಿದೆ ಎಂದು ಹೇಳುವುದು ಎದುರಾಡುವುದಾಗುವುದಿಲ್ಲ. ಈ ಎರಡರ ಭೇದವನ್ನು ಹೊಸದಾಗಿ ಸೇರಿದ ದಾದಿಗೆ ಯಾರಾದರೂ ಬಾಯಿಬಿಟ್ಟು ಹೇಳಿಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಕ್ರಿಯೆಯ ತಪಶೀಲು ಪಟ್ಟಿಯಲ್ಲಿ ಒಂದು ಸಣ್ಣ ನಿಯಮವಿದೆ: ಚರ್ಮಕ್ಕೆ ಕತ್ತಿ ತಾಗಿಸುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕು. ದಿನವೂ ನೋಡುವವರಿಗೆ ಹೆಸರು ಹೇಳುವುದೇನು ಎಂದು ನಗುವವರಿದ್ದಾರೆ. ಒಮ್ಮೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದವಳಿಗೆ ಎರಡನೆಯ ಸಲ ಬಾಯಿ ತೆರೆಯುವುದು ಸುಲಭ ಎಂಬುದು ಅದರ ಒಳಮರ್ಮ. ಎಂಟು ದೇಶಗಳ ಎಂಟು ನಗರಗಳಲ್ಲಿ, ಅವುಗಳಲ್ಲಿ ನಮ್ಮ ದೆಹಲಿಯೂ ಒಂದು, ಈ ಪಟ್ಟಿಯನ್ನು ಪ್ರಯೋಗಿಸಿದಾಗ ಶಸ್ತ್ರಕ್ರಿಯೆಯ ನಂತರದ ಮರಣವು ಶೇಕಡ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು.

ಕೇಳಿದ್ದನ್ನು ಮರಳಿ ಹೇಳುವ ಪದ್ಧತಿಯೂ ಇದರ ಜೊತೆಯದೇ. ಹತ್ತು ಯೂನಿಟ್ ಆಕ್ಸಿಟೋಸಿನ್, ಸ್ನಾಯುವಿಗೆ ಎಂದು ವೈದ್ಯರು ಹೇಳಿದರೆ, ದಾದಿ ಹೂಂ ಎಂದರೆ ಸಾಲದು. ಹತ್ತು ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ ಎಂದು ಮರಳಿ ನುಡಿದು, ಕೊಟ್ಟ ಮೇಲೆ, ಕೊಟ್ಟಿದ್ದೇನೆ, ಸಮಯ ಒಂದು ಹದಿನೈದು ಎಂದು ತಿಳಿಸಬೇಕು. ಮಗ್ಗಿಯನ್ನು ಒಬ್ಬನು ಹೇಳಿಕೊಟ್ಟು ಉಳಿದವರು ಒಪ್ಪಿಸುವ ಕ್ರಮವನ್ನು ಬಲ್ಲ ಅಧ್ಯಾಪಕರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಕೇಳಿದವನ ತಪ್ಪು ಆ ಕ್ಷಣದಲ್ಲಿಯೇ ಹೇಳಿದವನ ಕಿವಿಗೆ ಬೀಳುತ್ತದೆ. ಹೀಗೆಯೇ ರಕ್ತದ ಚೀಲವನ್ನು ಏರಿಸುವ ಮುನ್ನ ಇಬ್ಬರು ಪರೀಕ್ಷಿಸಿ ಸಹಿ ಹಾಕಬೇಕೆಂಬ ನಿಯಮವಿದೆ. ಮತ್ತೊಬ್ಬರು ನೋಡಿದ್ದಾರಲ್ಲ ಎಂಬ ನಂಬಿಕೆಯಿಂದ ಇಬ್ಬರೂ ನೋಡದೆ ಸಹಿ ಹಾಕಿದರೆ, ಆ ನಿಯಮವು ಇಲ್ಲದಿರುವುದಕ್ಕಿಂತ ಅಪಾಯಕರವಾದುದು. ಸ್ನೇಹವು ಅತಿಯಾದ ವಾರ್ಡುಗಳಲ್ಲಿ ಈ ದೋಷ ಹೆಚ್ಚೆಂದು ನನ್ನ ಅನಿಸಿಕೆ.

ಮದ್ದೂರಿನ ಆಸ್ಪತ್ರೆಯ ಸ್ಥಿತಿ ಇನ್ನೊಂದು ಬಗೆಯದು. ಬೆಂಗಳೂರು-ಮೈಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಊರು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ದಾರಿಯಲ್ಲಿ ವಾಹನಗಳ ವೇಗವು ಹೆಚ್ಚಿದೆ. ಹೆದ್ದಾರಿಯ ಬದಿಯ ಆಸ್ಪತ್ರೆಗೆ ಗಾಯಾಳುಗಳು ಒಬ್ಬೊಬ್ಬರಾಗಿಯೇ ಬರುತ್ತಾರೆಂದು ಹೇಳಲಾಗದು. ನಾಲ್ಕೈದು ಮಂದಿ ಒಮ್ಮೆಲೇ ಬರಬಹುದು. ಆಗ ಹೆಚ್ಚು ಕೂಗುವ ಗಾಯಾಳುವಿನ ಸುತ್ತ ಎಲ್ಲರೂ ನೆರೆಯುವುದು ಮನುಷ್ಯಸಹಜ. ಕೂಗದೆ ಬಿದ್ದಿರುವವನ ಸ್ಥಿತಿಯೇ ಹೆಚ್ಚು ಕೆಟ್ಟಿರುವ ಸಂಭವವುಂಟು. ಯಾರು ಉಸಿರಾಟವನ್ನು ನೋಡುವವರು, ಯಾರು ಸೂಜಿ ಹಾಕುವವರು, ಯಾರು ಬರೆಯುವವರು, ಯಾರು ಮಂಡ್ಯಕ್ಕೆ ಕರೆ ಮಾಡುವವರು ಎಂಬುದನ್ನು ಪಾಳಿಯ ಆರಂಭದಲ್ಲಿಯೇ, ಗಾಯಾಳುಗಳು ಬರುವ ಮೊದಲೇ, ಗೊತ್ತುಮಾಡಿಕೊಂಡಿದ್ದರೆ ಈ ಗೊಂದಲಕ್ಕೆ ಅವಕಾಶವಿರದು.

ತಂಡದ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಆಯಾಗಳು. ನೆಲ ಒರೆಸುತ್ತ, ಹಾಸಿಗೆಯ ಬಟ್ಟೆ ಬದಲಿಸುತ್ತ ಇರುವ ಈ ಹೆಂಗಸರೊಡನೆ ರೋಗಿಗಳು ಸಂಕೋಚವಿಲ್ಲದೆ ಮಾತನಾಡುತ್ತಾರೆ. ತಲೆ ಸಿಡೀತದೆ ಕಣವ್ವ, ಕಣ್ಣು ಮಂಜಾಯ್ತದೆ ಎಂದು ತುಂಬು ಗರ್ಭಿಣಿಯೊಬ್ಬಳು ಆಯಾಳ ಮುಂದೆ ಹೇಳಿಕೊಂಡರೆ, ಅದು ರಕ್ತದೊತ್ತಡವೇರಿ ಫಿಟ್ಸ್ ಬರುವ ಮುನ್ಸೂಚನೆಯಾಗಿರಬಹುದು. ಪರ ಜಿಲ್ಲೆಯಿಂದ ಬಂದ ದಾದಿಗೆ ನಮ್ಮ ಕಡೆಯ ಈ ಮಾತಿನ ಅರ್ಥ ಕೂಡಲೇ ಆಗದಿರಬಹುದು. ಆಯಾಗೆ ಮಾತು ಅರ್ಥವಾಗುತ್ತದೆ, ಅದರ ಅಪಾಯ ಗೊತ್ತಿರುವುದಿಲ್ಲ. ಇಬ್ಬರ ತಿಳಿವು ಒಂದೆಡೆ ಸೇರಿದಾಗ ಒಬ್ಬಳ ಪ್ರಾಣ ಉಳಿಯುತ್ತದೆ. ಮದ್ದೂರು ತಾಲ್ಲೂಕಿನಿಂದ ಬಂದ ಕಥೆಗಾರ ಬೆಸಗರಹಳ್ಳಿ ರಾಮಣ್ಣನವರು ವೃತ್ತಿಯಿಂದ ವೈದ್ಯರಾಗಿದ್ದವರು. ಈ ಸೀಮೆಯ ಹಳ್ಳಿಗರ ಆಡುನುಡಿಗೆ ಕನ್ನಡ ಕಥೆಯಲ್ಲಿ ಮನ್ನಣೆ ದೊರಕಿಸಿದವರಲ್ಲಿ ಅವರೂ ಒಬ್ಬರೆಂಬುದು ಕೇವಲ ಆಕಸ್ಮಿಕವಿರಲಾರದು.

ಹಾಗಾದರೆ ಎಲ್ಲವನ್ನೂ ಪಟ್ಟಿಮಾಡಿ ಗೋಡೆಗೆ ಅಂಟಿಸಿದರೆ ತಂಡವು ಸಿದ್ಧವಾಯಿತೇ? ಈ ಪ್ರಶ್ನೆಗೂ ಅನುಭವದಿಂದ ದೊರೆತ ಉತ್ತರವಿದೆ. ಹೆರಿಗೆಯ ಕೊಠಡಿಗೆಂದು ವಿಶ್ವ ಆರೋಗ್ಯ ಸಂಸ್ಥೆಯು 29 ಅಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದನ್ನು ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಪ್ರಯೋಗಿಸಿತು. ಪಟ್ಟಿ ಬರುವ ಮೊದಲು 29ರಲ್ಲಿ ಸರಾಸರಿ 10 ಕ್ರಮಗಳು ಮಾತ್ರ ಪಾಲನೆಯಾಗುತ್ತಿದ್ದವು. ಬಂದ ಮೇಲೆ 25 ಕ್ರಮಗಳು ಪಾಲನೆಯಾದುವೆಂದು 2012ರ ವರದಿಯು ತಿಳಿಸುತ್ತದೆ. ಇದರಿಂದ ಉತ್ತೇಜಿತರಾಗಿ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಪ್ರಮಾಣದ ಪ್ರಯೋಗವನ್ನು ಕೈಗೊಂಡರು. ಹೊರಗಿನಿಂದ ಬಂದ ಮಾರ್ಗದರ್ಶಕರು ಜೊತೆಯಲ್ಲಿದ್ದಾಗ, ಎರಡು ತಿಂಗಳ ಹೊತ್ತಿಗೆ, ಶೇಕಡ 73ರಷ್ಟು ಕ್ರಮಗಳು ಪಾಲನೆಯಾದವು. ಅವರು ಹೊರಟುಹೋದ ಮೇಲೆ, ಹನ್ನೆರಡು ತಿಂಗಳಿಗೆ, ಅದು ಶೇಕಡ 62ಕ್ಕೆ ಇಳಿಯಿತು. ತಾಯಿ-ಮಕ್ಕಳ ಮರಣದಲ್ಲಿ ಮಾತ್ರ ಗಮನಾರ್ಹವಾದ ವ್ಯತ್ಯಾಸ ಕಾಣಲಿಲ್ಲವೆಂದು 2017ರಲ್ಲಿ ಪ್ರಕಟವಾದ ಫಲಿತಾಂಶವು ಹೇಳಿತು. ಇದನ್ನು ಕಂಡು ಪಟ್ಟಿಗಳೆಲ್ಲ ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ರಕ್ತವಿಲ್ಲದ, ತಜ್ಞರಿಲ್ಲದ, ಸಾಗಿಸಲು ವಾಹನವಿಲ್ಲದ ಕಡೆ ದಾದಿ ಎಷ್ಟೇ ನಿಷ್ಠೆಯಿಂದ ಗುರುತು ಹಾಕಿದರೂ ಮುಂದಿನ ಕೈ ಸಿದ್ಧವಿರಬೇಕಲ್ಲವೆ? ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಲಕ್ಷ್ಯ ಯೋಜನೆಯು ಹೆರಿಗೆ ಕೊಠಡಿಗಳ ಗುಣಮಟ್ಟವನ್ನೇ ಗುರಿಯಾಗಿಟ್ಟುಕೊಂಡಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ.

ಇನ್ನು ಸಂಖ್ಯೆಯ ಮಾತು. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಗೆ ಮೂರು ರೋಗಿಗಳಿಗೊಬ್ಬರು, ಇತರ ಆಸ್ಪತ್ರೆಗೆ ಐದು ರೋಗಿಗಳಿಗೊಬ್ಬರು ದಾದಿಯರಿರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣ. ನಮ್ಮ ಸರ್ಕಾರಿ ವಾರ್ಡುಗಳಲ್ಲಿ ರಾತ್ರಿ ಪಾಳಿಯನ್ನು ಒಮ್ಮೆ ಕಂಡವರಿಗೆ ಈ ಪ್ರಮಾಣಕ್ಕೂ ವಾಸ್ತವಕ್ಕೂ ಇರುವ ದೂರವನ್ನು ಬಣ್ಣಿಸುವ ಅಗತ್ಯವಿಲ್ಲ. ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಕ್ರಿಯೆಯ ರೋಗಿಗಳ ಮರಣಸಂಭವವು ಶೇಕಡ 7ರಷ್ಟು ಏರುತ್ತದೆಂದು ಅಮೆರಿಕದ ಆಸ್ಪತ್ರೆಗಳ 2002ರ ಅಧ್ಯಯನವೊಂದು ತೋರಿಸಿದೆ. ಇಬ್ಬರಿಲ್ಲದ ಕಡೆ ಸಹಕಾರವೆಂಬ ಉಪದೇಶಕ್ಕೆ ಬೆಲೆಯಿಲ್ಲ. ಮೇಲಾಗಿ, ಒಂದೇ ವಾರ್ಡಿನಲ್ಲಿ ಒಂದೇ ಕೆಲಸವನ್ನು ಮಾಡುವ ಖಾಯಂ ದಾದಿಗೂ ಗುತ್ತಿಗೆಯ ದಾದಿಗೂ ಸಂಬಳದಲ್ಲಿ ದೊಡ್ಡ ಅಂತರವಿರುವಾಗ, ಕಷ್ಟದ ಪಾಳಿಗಳು ಯಾರ ಪಾಲಿಗೆ ಬೀಳುತ್ತವೆ, ತಪ್ಪಾದಾಗ ಯಾರು ಬಾಯಿಬಿಡಲು ಹೆದರುತ್ತಾರೆ ಎಂಬುದನ್ನು ಆಡಳಿತಗಾರರು ಯೋಚಿಸಬೇಕು. ಮುಂದಿನ ವರ್ಷ ಕೆಲಸ ಇರುವುದೋ ಇಲ್ಲವೋ ತಿಳಿಯದವಳಿಂದ ಧೈರ್ಯದ ಮಾತನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕೊನೆಯದಾಗಿ ಪಾಳಿ ಬದಲಾವಣೆಯ ವಿಷಯ. ಸಾಮಾನ್ಯವಾಗಿ ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು ಗಂಟೆಗೆ ಪಾಳಿಗಳು ಬದಲಾಗುತ್ತವೆ. ಹೋಗುವವರು ಬರುವವರಿಗೆ ಪ್ರತಿ ಹಾಸಿಗೆಯ ಬಳಿ ನಿಂತು ವಿಷಯ ಒಪ್ಪಿಸಬೇಕೆಂಬುದು ನಿಯಮ. ಆಫೀಸಿನ ಮೇಜಿನ ಬಳಿಯೇ ಪುಸ್ತಕ ತೋರಿಸಿ ಮುಗಿಸುವುದೂ ಉಂಟು. ಹಾಸಿಗೆಯ ಬಳಿ ಒಪ್ಪಿಸಿದರೆ ರೋಗಿಯೇ ತಪ್ಪನ್ನು ತಿದ್ದಬಲ್ಲನು, ಡ್ರಿಪ್ ನಿಂತಿರುವುದು ಇಬ್ಬರ ಕಣ್ಣಿಗೂ ಬೀಳುತ್ತದೆ. ಇಪ್ಪತ್ತು ಹಾಸಿಗೆಗಳಿಗೆ ಒಂದೊಂದು ನಿಮಿಷವೆಂದರೂ ಇಪ್ಪತ್ತು ನಿಮಿಷ ಬೇಕು. ಪಾಳಿಯ ಪಟ್ಟಿಯಲ್ಲಿ ಈ ಇಪ್ಪತ್ತು ನಿಮಿಷಕ್ಕೆ ಜಾಗವೇ ಇಲ್ಲದಿದ್ದರೆ, ಒಂದು ಪಾಳಿ ಎಂಟಕ್ಕೆ ಮುಗಿದು ಮತ್ತೊಂದು ಎಂಟಕ್ಕೇ ಮೊದಲಾಗುತ್ತದೆ. ಮಂಡ್ಯ, ಮದ್ದೂರುಗಳಿಗೆ ರೈಲಿನ ಅನುಕೂಲವಿದೆ. ಮಳವಳ್ಳಿಗೆ ಅದೂ ಇಲ್ಲ, ಬಸ್ಸೇ ಗತಿ. ಮನೆಯಲ್ಲಿ ಮಗುವನ್ನು ಬಿಟ್ಟುಬಂದವಳು ರಾತ್ರಿ ಎಂಟರ ಮೇಲಿನ ಬಸ್ಸನ್ನು ಹಿಡಿಯಬೇಕಾದರೆ ಹದಿನೈದನೆಯ ಹಾಸಿಗೆಯ ರೋಗಿಯ ವಿಷಯವು ಅರ್ಧ ವಾಕ್ಯದಲ್ಲಿ ಮುಗಿಯುತ್ತದೆ. ಎರಡು ಪಾಳಿಗಳೂ ಅರ್ಧ ಗಂಟೆ ಒಂದರ ಮೇಲೊಂದು ಬರುವಂತೆ ವೇಳಾಪಟ್ಟಿಯನ್ನು ತಿದ್ದಿ, ಆ ಅರ್ಧ ಗಂಟೆಯನ್ನು ಕೆಲಸದ ಅವಧಿಯೆಂದೇ ಲೆಕ್ಕ ಹಿಡಿದು, ರಾತ್ರಿ ಹೊರಡುವವರಿಗೆ ಬಸ್ ನಿಲ್ದಾಣದವರೆಗೆ ಆಸ್ಪತ್ರೆಯ ವಾಹನವನ್ನು ಒದಗಿಸುವುದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ಹೊಸ ಯಂತ್ರವೂ ಬೇಕಾಗಿಲ್ಲ. ಆಸ್ಪತ್ರೆಗೆ ಮಂಚ, ಬೀಸಣಿಗೆ, ಕುಡಿಯುವ ನೀರಿನ ತೊಟ್ಟಿ ಕೊಡಿಸಿ ಅದರ ಮೇಲೆ ಹೆಸರು ಬರೆಸುವ ಉದಾರಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ಯಾರಾದರೂ ಈ ಬಾರಿ ಹೆಸರು ಬರೆಸಲಾಗದ ಆ ವಾಹನದ ಬಾಡಿಗೆಯನ್ನು ವಹಿಸಿಕೊಳ್ಳುವುದಾದರೆ, ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳನ್ನು ಕಂಡು ವಿಚಾರಿಸಬಹುದು.